ಅಣ್ಣನ ಪಥ್ಯ

ನಮ್ಮೂರಿನಲ್ಲಿ ಗಂಡಸು ಸುಮ್ಮನೆ ರಸ್ತೆಯಲ್ಲಿ ನಡೆಯುವಂತಿಲ್ಲ. ನಡೆದರೆ ಹಿಂದಿನಿಂದ ಬಂದ ಮೊದಲ ಗಾಡಿಯೇ ನಿಲ್ಲುತ್ತದೆ. ಹತ್ತದಿದ್ದರೆ ಗಾಡಿಯವನಿಗೆ ಅವಮಾನ, ಹತ್ತಿದರೆ ನಡಿಗೆ ಮುಗಿಯಿತು. ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಬೇಕೆಂದು ರಾಜಧಾನಿ ಅಮ್ಮಾನಿನ ಡಾಕ್ಟರು ನನ್ನ ಅಣ್ಣ ಅವ್ವಾದನಿಗೆ ಹೇಳಿ ಕಳಿಸಿದ್ದರು. ಮೊದಲ ವಾರ ಅವನು ನಡೆದದ್ದಕ್ಕಿಂತ ಬೇರೆಯವರ ಗಾಡಿಯಲ್ಲಿ ಕುಳಿತದ್ದೇ ಹೆಚ್ಚು.

"ಏನ್ ಅಬು ನಾಯಿಫ್, ಗಾಡಿ ಕೆಟ್ಟೋಯ್ತಾ?"

"ಇಲ್ಲಪ್ಪ, ಹಂಗೇ ನಡೀತಿದೀನಿ."

"ಹಂಗೇ ಯಾರಾದ್ರೂ ನಡೀತಾರಾ? ಹತ್ತಿ, ಹತ್ತಿ. ಪಿಕಪ್ ಮಾರ್ಬಿಟ್ರೋ ಏನ್ ಕತೆ? ಕಷ್ಟ ಅಂದ್ರೆ ನಮಗೆ ಹೇಳ್ಬಾರ್ದಾ?"

ಹತ್ತಿಸಿಕೊಂಡವನು ಅಣ್ಣನನ್ನು ರೊಟ್ಟಿ ಭಟ್ಟಿಯ ಮುಂದೆ ಇಳಿಸುತ್ತಿದ್ದ. ಇಳಿದ ತಪ್ಪಿಗೆ ಇವನು ರೊಟ್ಟಿ ಕೊಂಡು ಬರುತ್ತಿದ್ದ. ಮನೆಯಲ್ಲಿದ್ದವರು ನಾವಿಬ್ಬರೇ. ಆ ವಾರ ನಮ್ಮ ಕೋಳಿಗಳು ರೊಟ್ಟಿ ತಿಂದು ತಿಂದು ಕೊಬ್ಬಿದವು.

ನಾನು ಫಿದ್ದಾ. ಮದುವೆಯಾಗಲಿಲ್ಲ. ಅತ್ತಿಗೆ ತೀರಿಕೊಂಡಾಗ ಅಣ್ಣನ ಮಗ ನಾಯಿಫ್‌ಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವನನ್ನು ಮೀಯಿಸಿ, ಉಣಿಸಿ, ಬಡಿದು ಬೆಳೆಸಿದವಳು ನಾನೇ. ಊರವರು ಅಣ್ಣನನ್ನು ಅವನ ಹೆಸರಿನಿಂದಲೇ ಅಬು ನಾಯಿಫ್, ಅಂದರೆ ನಾಯಿಫನ ಅಪ್ಪ, ಎಂದು ಕರೆಯುವುದು. ಅಣ್ಣ ಫಾಸ್ಫೇಟ್ ಲಾರಿ ಓಡಿಸುತ್ತಿದ್ದ. ಗಣಿಯಿಂದ ಅಕಬಾ ಬಂದರಿಗೆ, ಬಂದರಿನಿಂದ ಗಣಿಗೆ, ಆಯುಷ್ಯವೆಲ್ಲ ಅದೇ ರಸ್ತೆ. ಸ್ಟೀರಿಂಗ್ ಹಿಡಿದು ಕೂರುವುದು, ದಾರಿಬದಿಯ ಹೋಟೆಲಿನಲ್ಲಿ ಕರಿದದ್ದು ತಿನ್ನುವುದು, ಸಿಗರೇಟು ಸೇದುವುದು. ಮಾತು ಕಡಿಮೆ. ಆಡಿದರೆ ಯಾರದಾದರೂ ಕಾಲೆಳೆಯುವ ಮಾತೇ. ನಿವೃತ್ತಿಯಾಗಿ ಬಂದಾಗ ಹೊಟ್ಟೆ ಮುಂದೆ, ಅವನು ಹಿಂದೆ.

ಎದೆನೋವು ಬಂದದ್ದು ಆಲಿವ್ ಕೊಯ್ಲಿನ ಹೊತ್ತಿಗೆ. ಮರದ ಕೆಳಗೆ ಹಾಸಿದ್ದ ಟಾರ್ಪಾಲಿನ ಮೇಲೆ ಕುಳಿತವನು ಏಳಲಿಲ್ಲ. ಎಡಗೈ ಸೆಳೆಯುತ್ತಿದೆ ಎಂದ. ಮುಖದ ಬಣ್ಣ ನೋಡಿ, ಊರವರು ಸೇರಿದರೆ ತಡವಾಗುತ್ತದೆಂದು ನಾನು ಬೇರೆ ಯಾರನ್ನೂ ಕರೆಯದೆ ಊರಾಚೆಯ ಬಾಡಿಗೆ ಗಾಡಿಗೆ ಫೋನು ಮಾಡಿದೆ. ಅಮ್ಮಾನಿನಲ್ಲಿ ಮಣಿಕಟ್ಟಿನಿಂದ ತಂತಿ ತೂರಿಸಿ ಕಟ್ಟಿಕೊಂಡಿದ್ದ ರಕ್ತನಾಳಗಳನ್ನು ಬಿಡಿಸಿ ಎರಡು ಸ್ಟೆಂಟ್ ಹಾಕಿದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಪ್ಪನಿಗೆ ಏನಾಗಿತ್ತು ಎಂದು ಕೇಳಿದಳು. ಅಪ್ಪ ಅರವತ್ತು ಕಾಣಲಿಲ್ಲ, ದೊಡ್ಡಣ್ಣನೂ ಕಾಣಲಿಲ್ಲ ಎಂದು ನಾನೇ ಹೇಳಿದೆ.

"ನಿಮ್ಮ ಮನೆಯವರ ರಕ್ತದಲ್ಲೇ ಕೆಟ್ಟ ಕೊಬ್ಬು ಜಾಸ್ತಿ ಇದೆ. ಅದರ ಮೇಲೆ ಇವರು ತುಪ್ಪ ಸುರಕೊಂಡಿದಾರೆ. ಮಾತ್ರೆ ಕೊಡ್ತೀನಿ, ಆದ್ರೆ ಮಾತ್ರೆ ಒಂದೇ ಸಾಲ್ದು. ತುಪ್ಪ, ಕುರಿಮಾಂಸ, ಕುರಿ ಬಾಲದ ಕೊಬ್ಬು ಬಿಡ್ಬೇಕು. ಸಿಗರೇಟಿನ ಮಾತೇ ಬೇಡ. ದಿನಾ ನಡೀಬೇಕು."

"ಏನ್ ತಿನ್ಲಿ ಹಂಗಾದ್ರೆ? ಹುಲ್ಲಾ?" ಎಂದ ಅಣ್ಣ.

"ಹುಲ್ಲೂ ಒಳ್ಳೇದೇ," ಎಂದಳು ಅವಳು. ನಗಲಿಲ್ಲ.

ಹಿಂದಿರುಗುವಾಗ ಗಾಡಿಯಲ್ಲಿ ಅಣ್ಣ ನನ್ನ ಕೈ ಹಿಡಿದುಕೊಂಡ. ಚಿಕ್ಕಂದಿನಲ್ಲಿ ಬಿಟ್ಟರೆ ಅವನು ಹಾಗೆ ಹಿಡಿದದ್ದು ಅದೇ ಮೊದಲು.

"ಫಿದ್ದಾ, ಊರಲ್ಲಿ ಯಾರ್ಗೂ ಹೇಳ್ಬೇಡ. ಹೊಟ್ಟೆ ಕೆಟ್ಟಿತ್ತು ಅನ್ನು."

"ಯಾಕೆ? ಎದೆನೋವು ಏನ್ ಕಳ್ಳತನವಾ?"

"ಗೊತ್ತಾದ್ರೆ ಜನ ಏನಂತಾರೆ ಹೇಳು. ಮಗನ ಚಿಂತೇಲಿ ಎದೆ ಒಡೀತು ಅಂತಾರೆ. ಆ ಮಾತು ನೆಟ್ಟಗೆ ಹೋಗಿ ಹಾಯಿಲ್ ತಲೆ ಮೇಲೆ ಕೂತ್ಕೊಳತ್ತೆ. ಮಗನ್ನ ಕೊಂದ, ಈಗ ಅಪ್ಪನ್ನೂ ಕೊಲ್ತಿದಾನೆ ಅಂತಾರೆ. ಆ ಹುಡುಗ ಸಾಯ್ತಾನೆ ಕಣೆ."

ಹಾಯಿಲ್ ನಮ್ಮ ಓಣಿಯ ಶಿಹಾದೆಯ ಮಗ. ನಮ್ಮ ನಾಯಿಫನ ಜೀವದ ಗೆಳೆಯ. ಅದಕ್ಕೆ ನಾಲ್ಕು ವರ್ಷ ಮೊದಲು ಇಬ್ಬರೂ ಅಕಬಾದಿಂದ ಬರುತ್ತಿದ್ದಾಗ ಹಾಯಿಲ್ ಓಡಿಸುತ್ತಿದ್ದ ಪಿಕಪ್ ಮಗುಚಿತು. ಅವನಿಗೆ ಒಂದು ಗೀರೂ ಆಗಲಿಲ್ಲ. ನನ್ನ ನಾಯಿಫ್ ಅಲ್ಲೇ ಹೋದ. ಶಿಹಾದೆಯ ಕಡೆಯ ಹಿರಿಯರು ನಮ್ಮ ಪಡಸಾಲೆಗೆ ಬಂದು ಕಾಫಿ ಬಟ್ಟಲನ್ನು ತುಟಿಗೆ ಮುಟ್ಟಿಸದೆ ನೆಲಕ್ಕಿಟ್ಟುಕೊಂಡು ಕುಳಿತರು. ಬೇಡಿಕೆ ಇರುವವನು ಅದು ನಡೆಯುವ ತನಕ ಕಾಫಿ ಕುಡಿಯುವುದಿಲ್ಲ. ಅಣ್ಣ ಹೆಚ್ಚು ಹೊತ್ತು ಕೂರಿಸಲಿಲ್ಲ. "ಕಾಫಿ ಕುಡೀರಿ. ಆ ಹುಡುಗ ನನ್ ಮಗ ಇದ್ದಂಗೆ," ಎಂದುಬಿಟ್ಟ. ಮುಂದಿನ ಶುಕ್ರವಾರವೇ ಶಿಹಾದೆಯ ಮನೆಗೆ ಹೋಗಿ ಊಟ ಮಾಡಿ ಬಂದ. ಆಮೇಲೂ ಕರೆದಾಗಲೆಲ್ಲ ಹೋದ. ರಕ್ತದ ಸೇಡು ಬಿಟ್ಟುಕೊಟ್ಟವನು ಆ ಮನೆಯ ಅನ್ನ ತಿನ್ನಬೇಕು. ತಿನ್ನುತ್ತಿರುವ ತನಕ ಕ್ಷಮೆ ಇದೆ ಎಂದು ನಮ್ಮವರ ಲೆಕ್ಕ.

ಕ್ಷಮೆ ಕೊಟ್ಟದ್ದು ಗಂಡಸರ ಪಡಸಾಲೆಯಲ್ಲಿ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ಕೊಡುತ್ತಿರಲಿಲ್ಲ. ಹಾಯಿಲ್ ಎದುರಿಗೆ ಬಂದರೆ ನಾನು ತಲೆವಸ್ತ್ರ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದೆ. ಆದರೆ ಅಣ್ಣನ ಮಾತು ಮೀರಲಿಲ್ಲ. ಹೊಟ್ಟೆ ಕೆಟ್ಟಿತ್ತು ಎಂದೇ ಎಲ್ಲರಿಗೂ ಹೇಳಿದೆ.

ಮನೆಗೆ ಬಂದವಳೇ ತುಪ್ಪದ ಡಬ್ಬವನ್ನು ಪಕ್ಕದ ಮನೆಗೆ ಸಾಗಹಾಕಿದೆ. ಬೇಳೆ, ನುಚ್ಚುಗೋಧಿ, ಕಡಲೆ, ಮಳೆ ಬಿದ್ದ ಮೇಲೆ ಹೊಲದಂಚಿನಲ್ಲಿ ತಾನೇ ಹುಟ್ಟುವ ಸೊಪ್ಪು, ವಾರಕ್ಕೆರಡು ಸಲ ಮೀನು. ಒಗ್ಗರಣೆಗೆ ನಮ್ಮದೇ ಮರದ ಆಲಿವ್ ಎಣ್ಣೆ, ಅದೂ ಅಳತೆ ನೋಡಿ. ಅಣ್ಣ ತಟ್ಟೆಯ ಮುಂದೆ ಕುಳಿತು ನಿಟ್ಟುಸಿರು ಬಿಡುತ್ತಿದ್ದ.

"ಇದನ್ನ ಕುರಿಗೆ ಹಾಕಿ, ಆ ಕುರಿನಾ ನಂಗೆ ಹಾಕಿದ್ರೆ ಆಗಲ್ವಾ?"

"ಕುರಿಗೆ ಎದೆನೋವು ಬಂದದ್ದು ಕೇಳಿದೀಯಾ? ಸುಮ್ನೆ ತಿನ್ನು."

ಬೈದುಕೊಂಡು ತಿನ್ನುತ್ತಿದ್ದ. ಸಿಗರೇಟು ಬಿಟ್ಟಾಗ ನಾಲ್ಕು ದಿನ ನನ್ನ ಹತ್ತಿರ ಮಾತೇ ಬಿಟ್ಟ. ರಸ್ತೆಯಲ್ಲಿ ನಡೆಯಲು ಜನ ಬಿಡಲಿಲ್ಲವಾದ್ದರಿಂದ ಖಬರಸ್ಥಾನದ ಗುಡ್ಡದ ಹಾದಿ ಹಿಡಿದ. ಅಲ್ಲಿ ಗಾಡಿ ಹೋಗುವುದಿಲ್ಲ, ನಿಲ್ಲಿಸಿ ಕರೆಯುವವರಿಲ್ಲ. ಏರಿಳಿತವೂ ಹದವಾಗಿದೆ. ಸಂಜೆಯ ನಮಾಜಿಗೆ ಮುಂಚೆ ಹೋಗಿ ಸುತ್ತು ಹಾಕಿ ಬರುತ್ತಿದ್ದ. ಮೊದಮೊದಲು ಅರ್ಧಕ್ಕೇ ಬಂಡೆಯ ಮೇಲೆ ಕೂರುತ್ತಿದ್ದವನು ಚಳಿಗಾಲ ಕಳೆಯುವ ಹೊತ್ತಿಗೆ ಎಲ್ಲೂ ನಿಲ್ಲದೆ ತುದಿ ಮುಟ್ಟುತ್ತಿದ್ದ. ಹೊಟ್ಟೆ ಇಳಿಯಿತು. ಬೆಲ್ಟಿಗೆ ಹೊಸ ತೂತು ಕೊರೆದ. ಅಮ್ಮಾನಿಗೆ ಹೋದಾಗ ರಕ್ತ ಪರೀಕ್ಷೆ ನೋಡಿ ಆ ನಗದ ಡಾಕ್ಟರೂ ನಕ್ಕಳು. ಕೆಟ್ಟ ಕೊಬ್ಬು ಅರ್ಧಕ್ಕರ್ಧ ಇಳಿದಿತ್ತು. ಹೀಗೇ ನಡೆಸಿಕೊಂಡು ಹೋದರೆ ನಿಮ್ಮಪ್ಪನಿಗಿಂತ ಬಹಳ ಮುಂದೆ ಹೋಗುತ್ತೀರಿ ಎಂದಳು. ಅಣ್ಣ ದಾರಿಯುದ್ದಕ್ಕೂ ಸಿಳ್ಳೆ ಹಾಕಿದ. ನಾಯಿಫ್ ಹೋದ ಮೇಲೆ ನಾನು ಆ ಸಿಳ್ಳೆ ಕೇಳಿರಲಿಲ್ಲ.

ಕೆಟ್ಟದ್ದು ಶಿಹಾದೆಯ ಮನೆಯ ಊಟದಲ್ಲಿ. ಚಳಿಗಾಲವಿಡೀ ಏನೇನೋ ನೆಪ ಹೇಳಿ ಅಣ್ಣ ಎಲ್ಲರ ಮನೆ ಊಟ ತಪ್ಪಿಸಿದ್ದ. ಆ ಶುಕ್ರವಾರ ತಪ್ಪಿಸಲಾಗಲಿಲ್ಲ. ದೊಡ್ಡ ಹರಿವಾಣದಲ್ಲಿ ಅನ್ನದ ರಾಶಿ, ಅದರ ಮೇಲೆ ಕುರಿಯ ಮಾಂಸ, ಒಣಮೊಸರಿನ ಬಿಸಿ ಸಾರು, ಮೇಲೆ ಹೊಳೆಯುವ ತುಪ್ಪ. ಗಂಡಸರು ಸುತ್ತ ನಿಂತು ಬಲಗೈಯಲ್ಲಿ ಉಂಡೆ ಕಟ್ಟಿ ತಿನ್ನುವ ಮನ್ಸಫ್. ಒಂದು ತುತ್ತು ತಿಂದು ಕೈ ತೊಳೆಯೋಣವೆಂದರೆ ಆಗುವುದಿಲ್ಲ. ಮನೆಯವನು ಪಕ್ಕದಲ್ಲೇ ನಿಂತು ಒಳ್ಳೊಳ್ಳೆಯ ತುಂಡು ಕಿತ್ತು ಅತಿಥಿಯ ಮುಂದೆ ಹಾಕುತ್ತಲೇ ಇರುತ್ತಾನೆ. ಶಿಹಾದೆ, ಅತಿಥಿಗೆ ದೊಡ್ಡ ಮರ್ಯಾದೆ ಎನಿಸುವ ಬಾಲದ ಕೊಬ್ಬಿನ ತುಂಡು ತೆಗೆದು ಅಣ್ಣನ ಮುಂದಿಟ್ಟ. ಅಣ್ಣ ಅದನ್ನು ಮೆಲ್ಲಗೆ ಪಕ್ಕದವನ ಕಡೆಗೆ ಸರಿಸಿದ. ಒಂದು ಚೂರು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಹಿಂದೆ ಸರಿದ. ರೊಟ್ಟಿ ತಿಂದೆನಲ್ಲ, ಸಾಕು ಎಂದುಕೊಂಡ. ಹರಿವಾಣದ ಸುತ್ತ ನಿಂತಿದ್ದವರಿಗೆ ಆ ರೊಟ್ಟಿ ಕಾಣಲಿಲ್ಲ. ಸರಿಸಿದ ತುಂಡು ಕಂಡಿತು.

ಅದು ನನಗೆ ತಿಳಿದದ್ದು ಒಂದು ಮದುವೆ ಮನೆಯಲ್ಲಿ, ಹೆಂಗಸರ ಕಡೆ.

"ನಿಮ್ಮಣ್ಣ ಯಾಕೋ ಮತ್ತೆ ಮನಸ್ಸು ಕೆಡಿಸ್ಕೊಂಡಿದಾರಂತೆ?" ಎಂದಳು ನೆರೆಯವಳೊಬ್ಬಳು, ಪಿಸುಗುಟ್ಟುವ ನೆಪದಲ್ಲಿ ನಾಲ್ಕು ಜನಕ್ಕೆ ಕೇಳುವ ಹಾಗೆ. "ದಿನಾ ಸಂಜೆ ಖಬರಸ್ಥಾನದಲ್ಲೇ ಇರ್ತಾರಂತಲ್ಲ. ಮಗನ ಗೋರಿ ಸುತ್ತ ಸುತ್ತೋದು. ಶಿಹಾದೆ ಮನೆ ಅನ್ನ ಬಿಟ್ರಂತೆ. ಪಾಪ, ಬಾಯಲ್ಲಿ ಕ್ಷಮೆ ಅಂದ್ರೂ ಹೊಟ್ಟೇಲಿ ಇದ್ದೇ ಇರತ್ತೆ ಬಿಡಿ."

"ನನ್ನಣ್ಣನ ಹೊಟ್ಟೇಲಿ ಏನಿದೆ ಅಂತ ನೋಡೋಕೆ ನೀನು ಯಾವಾಗ ಹೋಗಿದ್ದೆ?" ಎಂದೆ. ಒಂದು ಮಾತನ್ನು ತಡೆಯಲು ಅವನು ರೋಗ ಮುಚ್ಚಿಟ್ಟಿದ್ದ. ಈಗ ಅವನ ನಡಿಗೆಯೂ ಪಥ್ಯವೂ ಸೇರಿ ಆ ಹುಡುಗನ ಮೇಲೆ ಬೇರೊಂದು ಮಾತು ಹೊರಿಸಿದ್ದವು. ಮನೆಗೆ ಬಂದು ಹೇಳಿದಾಗ ಅಣ್ಣ ನಕ್ಕು, ಹೆಂಗಸರ ಮಾತು ಎಂದ.

ಬೇಸಿಗೆಗೆ ಮುಂಚೆ ಒಂದು ಮಧ್ಯಾಹ್ನ ಶಿಹಾದೆ ಒಬ್ಬನೇ ಬಂದ. ನಾನು ಕಾಫಿ ಕಳಿಸಿ, ಪರದೆಯ ಈಚೆ ನಿಂತೆ. ಅವನು ಬಟ್ಟಲನ್ನು ತೆಗೆದುಕೊಂಡು ನೆಲದ ಮೇಲಿಟ್ಟ ಸದ್ದು ಕೇಳಿಸಿತು.

"ಕುಡಿ ಅಬು ಹಾಯಿಲ್, ಆರಿಹೋಗತ್ತೆ," ಎಂದ ಅಣ್ಣ.

"ಆರ್ಲಿ. ನಮ್ ತಪ್ಪೇನು ಅಂತ ಹೇಳು, ಆಮೇಲೆ ಕುಡೀತೀನಿ."

"ಯಾವ ತಪ್ಪು?"

"ನಂಗೆ ಸುತ್ತಿ ಬಳಸಿ ಮಾತಾಡಕ್ಕೆ ಬರಲ್ಲ. ಹುಡುಗನಿಗೆ ಹೆಣ್ಣು ಗೊತ್ತಾಗಿತ್ತು. ಈಗ ಹೆಣ್ಣಿನಪ್ಪ ಹಿಂದೆ ಸರೀತಿದಾನೆ. ರಕ್ತ ಇನ್ನೂ ಮುಗಿದಿಲ್ಲ, ಅಬು ನಾಯಿಫ್ ನಿಮ್ಮನೆ ಅನ್ನ ಮುಟ್ಟಲ್ವಂತೆ, ನಾಳೆ ಏನಾದ್ರೂ ಆದ್ರೆ ನನ್ ಮಗಳ ಗತಿ ಏನು ಅಂತಾನೆ. ಹಾಯಿಲ್ ಮೂರು ದಿನದಿಂದ ಕೋಣೆ ಬಿಟ್ಟು ಬಂದಿಲ್ಲ. ಅವ್ರು ನನ್ನ ಕ್ಷಮಿಸಿಲ್ಲ ಅಪ್ಪಾ, ಕ್ಷಮಿಸ್ಬಾರ್ದು ಕೂಡ ಅಂತಾನೆ. ನಾನು ಏನ್ ಮಾಡ್ಲಿ ಹೇಳು. ಏನ್ ಬೇಕೋ ಕೇಳು, ಕೊಡ್ತೀನಿ. ಹುಡುಗನ್ನ ಮಾತ್ರ ಬಿಟ್ಬಿಡು."

ಒಳಗಿನಿಂದ ನಾನು ಪರದೆ ಸರಿಸಿಯೇಬಿಟ್ಟೆ. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಣ್ಣ ನನ್ನತ್ತ ತಿರುಗಿ ನೋಡಿದ ನೋಟಕ್ಕೆ ಪರದೆಯನ್ನು ಮತ್ತೆ ಎಳೆದುಕೊಂಡೆ. ನಿಜ ಹೇಳಿದರೆ ಏನಾಗುತ್ತದೆಂದು ಅವನು ಅಷ್ಟರಲ್ಲೇ ಲೆಕ್ಕ ಹಾಕಿ ಮುಗಿಸಿದ್ದ. ಎದೆ ಒಡೆದದ್ದು ಮಗನ ಚಿಂತೆಗೆ ಎನ್ನುತ್ತಾರೆ, ಕೋಣೆಯಲ್ಲಿ ಬಿದ್ದಿರುವ ಹುಡುಗ ಅದನ್ನೇ ನಂಬುತ್ತಾನೆ.

"ಎಂಥ ಕತೆ ಕಟ್ತೀರಪ್ಪ," ಎಂದ ಅಣ್ಣ. "ಹೊಟ್ಟೆ ಕೆಟ್ಟಿತ್ತು ಅಂದ್ರೆ ಕೆಟ್ಟಿತ್ತು ಅಷ್ಟೇ. ಈಗ ಸರಿ ಹೋಗಿದೆ. ಈ ಶುಕ್ರವಾರ ಕುರಿ ಕಡಿ. ಹೆಣ್ಣಿನ ಕಡೆಯವರನ್ನೂ ಕರಿ. ಬಾಲದ ತುಂಡು ಬೇರೆ ಯಾರಿಗಾದ್ರೂ ಹಾಕ್ದೆ ಅಂದ್ರೆ ನಿನ್ ಜೊತೆ ಜಗಳ ಆಗತ್ತೆ. ಈಗ ಕಾಫಿ ಕುಡಿ."

ಶಿಹಾದೆ ಕಾಫಿ ಕುಡಿದ. ಬಾಗಿಲ ಹತ್ತಿರ ಅಣ್ಣನ ಭುಜಕ್ಕೆ ಮುತ್ತಿಟ್ಟು ಹೋದ. ಆಮೇಲೆ ಅಣ್ಣನಿಗೂ ನನಗೂ ಆದ ಜಗಳ ಓಣಿಗೆ ಕೇಳಿಸಿರಬೇಕು. ನಿನ್ನ ಜೀವ ಬೇಡವೇ ಎಂದು ಕೇಳಿದೆ. ಬೇಕು, ಬಹಳ ಬೇಕು ಅಂದ. ಒಂದು ಊಟಕ್ಕೆ ಯಾರೂ ಸಾಯುವುದಿಲ್ಲ ಅಂದ. ಅದು ನಿಜವೇ.

ಆ ಶುಕ್ರವಾರ ಅವನು ಹೇಗೆ ತಿಂದ ಎಂದು ಊರೆಲ್ಲ ಹೇಳಿತು. ತುಪ್ಪ ಮೊಣಕೈವರೆಗೆ ಇಳಿಯುತ್ತಿತ್ತಂತೆ. ಹೆಣ್ಣಿನಪ್ಪನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ನಮ್ಮ ಹುಡುಗನಿಗೆ ಮಗಳನ್ನು ಕೊಡಲು ಯೋಚಿಸುತ್ತೀರಾ, ನನಗೆ ಮಗಳಿದ್ದಿದ್ದರೆ ನಾನೇ ಕೊಡುತ್ತಿದ್ದೆ ಎಂದನಂತೆ. ಹಾಯಿಲ್ ಕೋಣೆಯಿಂದ ಹೊರಬಂದು ಅವನ ಕೈಗೆ ನೀರು ಹಾಕಿದನಂತೆ. ಮದುವೆ ಗೊತ್ತಾಯಿತು.

ಒಂದು ಊಟಕ್ಕೆ ನಿಂತಿದ್ದರೆ ಚಿಂತೆಯಿರಲಿಲ್ಲ. ಶಿಹಾದೆ ಮನೆಯಲ್ಲಿ ತಿಂದವನು ನಮ್ಮನೆಯಲ್ಲಿ ಯಾಕೆ ತಿನ್ನುವುದಿಲ್ಲ ಎಂದು ಚಳಿಗಾಲವಿಡೀ ನೆಪ ಕೇಳಿಸಿಕೊಂಡಿದ್ದವರೆಲ್ಲ ಸಾಲಾಗಿ ಬಂದರು. ಹೊಟ್ಟೆ ಕೆಟ್ಟಿದೆ ಎಂದು ಇನ್ನು ಹೇಳುವಂತಿಲ್ಲ. ಮದುವೆ, ಸುನ್ನತಿ, ಹಜ್ಜಿನಿಂದ ಬಂದವರ ಔತಣ, ಸಾವಿನ ಮನೆ, ಎಲ್ಲೆಲ್ಲೂ ಅದೇ ಹರಿವಾಣ. ಶಿಹಾದೆಯ ಮನೆಗಂತೂ ಹಾಯಿಲನ ಮದುವೆಯಾಗಿ ಮಗು ಹುಟ್ಟುವ ತನಕ ಒಂದು ಶುಕ್ರವಾರವೂ ಬಿಡಲಿಲ್ಲ. ಗುಡ್ಡದ ನಡಿಗೆಯನ್ನು ತಾನೇ ನಿಲ್ಲಿಸಿದ. ಗೋರಿಯ ಹತ್ತಿರ ಯಾರ ಕಣ್ಣಿಗೂ ಬೀಳಬಾರದು ಎಂದ. ಮಗನ ಗೋರಿಗೆ ಹಬ್ಬದ ದಿನ ಮಾತ್ರ ಹೋಗಿಬರತೊಡಗಿದ. ಕೆಲವು ದಿನ ತಾರಸಿಯ ಮೇಲೆ ನೀರಿನ ಟ್ಯಾಂಕುಗಳ ಸುತ್ತ ನಡೆದ. ನಮ್ಮ ಅಂಗಳ ಕಾಣುತ್ತದೆ ಎಂದು ಸುತ್ತಲ ಹೆಂಗಸರು ಗೊಣಗಿದರು. ಅದೂ ನಿಂತಿತು. ಮನೆಯಲ್ಲಿ ಮಾತ್ರ ನಾನು ಹಾಕಿದ ಬೇಳೆ ಸಾರನ್ನು ಮಾತಾಡದೆ ತಿನ್ನುತ್ತಿದ್ದ. ಬೈಯುವುದನ್ನು ಬಿಟ್ಟದ್ದೇ ನನಗೆ ಭಯ ಹುಟ್ಟಿಸಿತು. ಬೆಲ್ಟು ಮತ್ತೆ ಹಳೆಯ ತೂತಿಗೆ ಬಂತು. ಮುಂದಿನ ಪರೀಕ್ಷೆಯಲ್ಲಿ ಡಾಕ್ಟರು ಬೈದಳು. ಅಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡ.

ಆ ಮದುವೆಯಾದ ಮೇಲಿನ ಎರಡನೆಯ ಚಳಿಗಾಲದ ಕೊನೆಯಲ್ಲಿ, ಬೆಳಗಿನ ನಮಾಜಿಗೆಂದು ಎದ್ದವನು ಗೋಡೆಗೊರಗಿ ಕುಳಿತಿದ್ದ. ನಾನು ಹೋಗಿ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ಖಚಿತವಾಗಿ ಹೇಳಲಾಗದು, ನಿಮ್ಮ ಮನೆತನದ ರಕ್ತವೇ ಹಾಗೆ, ಪಥ್ಯ ಮಾಡಿದ್ದರೂ ಬರಬಹುದಿತ್ತು ಎಂದಳು. ಪಥ್ಯ ಮಾಡಿದ್ದರೆ ಬದುಕುತ್ತಿದ್ದ ಎಂದೇ ನಾನು ನಂಬಿದ್ದೇನೆ. ಯಾರ ಮೇಲಾದರೂ ಸಿಟ್ಟು ಮಾಡದೆ ನನಗೆ ಅಳು ಬರುವುದಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಎರಡನೆಯ ದಿನದ ಊಟ ಶಿಹಾದೆಯ ಮನೆಯಿಂದ ಬಂತು. ಹರಿವಾಣವನ್ನು ಹಿತ್ತಲ ಬಾಗಿಲಿಗೆ ಹೊತ್ತು ತಂದವನು ಹಾಯಿಲ್. ಇಳಿಸಿದ ಮೇಲೂ ಹೋಗಲಿಲ್ಲ. ಅಂಗಳದಲ್ಲಿ ನಾಲ್ಕಾರು ಹೆಂಗಸರು ಪಾತ್ರೆ ತೊಳೆಯುತ್ತಿದ್ದರು.

"ಫಿದ್ದಾ ಅತ್ತೆ, ಒಂದ್ ಮಾತು ಕೇಳ್ಲಾ? ಜನ ಅಂತಿದಾರೆ, ನಾಯಿಫ್ ಕೊರಗಲ್ಲೇ ಹೋದ್ರು ಅಂತ. ನಿಜ ಹೇಳಿ. ನಾನು ತಡ್ಕೊತೀನಿ."

ಅವನು ತಡೆದುಕೊಳ್ಳುವವನಲ್ಲ ಎಂದು ಮುಖವೇ ಹೇಳುತ್ತಿತ್ತು. ಇನ್ನು ಮುಚ್ಚಿಡುವುದು ಯಾರಿಗಾಗಿ ಎಂದುಕೊಂಡೆ.

"ಸುಳ್ಳು. ರಕ್ತದಲ್ಲಿ ಕೊಬ್ಬಿತ್ತು. ನಮ್ಮಪ್ಪಂಗಿತ್ತು, ದೊಡ್ಡಣ್ಣಂಗಿತ್ತು. ನಾಯಿಫ್ ಇದ್ದಿದ್ರೂ ಇದೇ ಆಗ್ತಿತ್ತು. ನಿನ್ ಮದ್ವೆ ಗೊತ್ತಾಗೋಕೆ ಮುಂಚೇನೇ ಅಮ್ಮಾನಲ್ಲಿ ಎದೆಗೆ ಸ್ಟೆಂಟ್ ಹಾಕಿದ್ರು. ತುಪ್ಪ ಮಾಂಸ ಬಿಡ್ಬೇಕು, ನಡೀಬೇಕು ಅಂದಿದ್ರು."

ಅವನ ಮುಖ ಸಡಿಲವಾಯಿತು. ಒಂದು ಗಳಿಗೆ ಮಾತ್ರ.

"ಹಂಗಾದ್ರೆ ಅವತ್ತು ನಮ್ಮನೇಲಿ ಊಟ ಬಿಟ್ಟಿದ್ದು ಅದಕ್ಕಾ?"

"ಹೂಂ."

"ಮತ್ತೆ ಯಾಕ್ ತಿಂದ್ರು, ಅತ್ತೆ? ಆಮೇಲೆ ಎಲ್ಲಾ ಶುಕ್ರವಾರ ಯಾಕ್ ತಿಂದ್ರು?"

ಆ ಪ್ರಶ್ನೆಗೆ ಉತ್ತರ ನನ್ನ ಬಾಯಲ್ಲೇ ಇತ್ತು. ಒಂದೇ ಪದ. ನಿನಗೋಸ್ಕರ. ನನ್ನ ನಾಯಿಫನನ್ನು ಮಣ್ಣಿಗಿಟ್ಟ ದಿನದಿಂದ ಈ ಹುಡುಗನಿಗೆ ಹೇಳಬೇಕೆಂದು ಕಾಯುತ್ತಿದ್ದ ಮಾತುಗಳಿಗೆಲ್ಲ ಅದೊಂದೇ ಸಾಕಿತ್ತು. ಹೇಳಿದ್ದರೆ ಅವನು ನೆಲಕಚ್ಚಿ ಮತ್ತೆಂದೂ ಏಳುತ್ತಿರಲಿಲ್ಲ. ಒಂದು ಸಲ ಆಸೆಯೂ ಆಯಿತು.

"ಯಾಕೆ ಅಂದ್ರೆ?" ಎಂದೆ, ಅಂಗಳಕ್ಕೆಲ್ಲ ಕೇಳುವಷ್ಟು ದೊಡ್ಡ ದನಿಯಲ್ಲಿ. "ಬಾಯಿಚಪಲ. ನಾಲ್ಕು ತಿಂಗಳು ಬಾಯಿ ಕಟ್ಟಿದ, ಅಷ್ಟೇ ಅವನ ಯೋಗ್ಯತೆ. ನಿನ್ ಮದ್ವೆ ಒಂದು ನೆಪ ಸಿಕ್ತು. ನಾನು ಬಡ್ಕೊಂಡೆ, ಕಾಲಿಗೆ ಬಿದ್ದೆ. ತುಪ್ಪ ಕಂಡ್ರೆ ಹೊಟ್ಟೆಬಾಕನಂಗೆ ಬೀಳ್ತಿದ್ದ. ತನ್ನ ಸಾವು ತಾನೇ ತಂದ್ಕೊಂಡ. ಅದ್ರಲ್ಲಿ ನಿಂದೇನಿದೆ? ಹೋಗು, ಹೆಂಡತಿ ಮಗು ಕಾಯ್ತಿರ್ತಾರೆ."

ಪಾತ್ರೆಯ ಸದ್ದು ನಿಂತಿತು. ಹೆಂಗಸರು ಕೇಳಿಸಿಕೊಂಡರು. ಹಾಯಿಲ್ ನನ್ನ ಮುಖವನ್ನೇ ನೋಡುತ್ತಾ ನಿಂತ. ನಾನು ಈ ಸಲ ಮುಖ ತಿರುಗಿಸಲಿಲ್ಲ. ಕೊನೆಗೆ ಅವನು ನನ್ನ ತಲೆಗೆ ಮುತ್ತಿಟ್ಟು ಹೊರಟುಹೋದ.

ಈಗ ಊರಿನಲ್ಲಿ ಅವ್ವಾದನ ಹೆಸರು ಬಂದರೆ ಜನ ಲೊಚಗುಟ್ಟುತ್ತಾರೆ. ಒಳ್ಳೆ ಮನುಷ್ಯ, ಆದರೆ ಹೊಟ್ಟೆಗೆ ಸೋತ ಎನ್ನುತ್ತಾರೆ. ಮಕ್ಕಳು ಹೆಚ್ಚು ಬಡಿಸಿಕೊಂಡರೆ ತಾಯಂದಿರು ಅವನ ಹೆಸರು ಹೇಳಿ ಹೆದರಿಸುತ್ತಾರೆ. ಹಾಯಿಲ್ ವಾರಕ್ಕೊಮ್ಮೆ ಮಗುವನ್ನು ಎತ್ತಿಕೊಂಡು ಬಂದು ನನ್ನನ್ನು ನೋಡಿ ಹೋಗುತ್ತಾನೆ. ಮೈ ತುಂಬಿಕೊಂಡಿದ್ದಾನೆ, ನಗುತ್ತಾನೆ. ಮೊನ್ನೆ ಅವನೂ ಅಂದ:

"ಅಬು ನಾಯಿಫ್ ಸ್ವಲ್ಪ ಬಾಯಿ ಕಟ್ಟಿದ್ರೆ ಇವತ್ತು ನಮ್ ಜೊತೆ ಇರ್ತಿದ್ರು, ಅಲ್ವಾ ಅತ್ತೆ?"

"ಹೂಂ ಕಣಪ್ಪ," ಎಂದೆ. "ಅವನಿಗೆ ಅಷ್ಟೂ ಆಗಲಿಲ್ಲ."